ಬ್ರೆಸ್ಟ್ ರಿಡಕ್ಷನ್ ಸರ್ಜರಿ: ಟೇಪು ಹಿಡಿಯದ ಡಾಕ್ಟರ ಹತ್ತಿರ ಮಾಡಿಸಬೇಡಿ

ಭಾರ ಇಳಿಸುವ ಕೆಲಸಕ್ಕೆ ಹತ್ತಕ್ಕೆ ಒಂಬತ್ತು. ಅಂದಚಂದಕ್ಕೆ ಆರು. ಇನ್ಶೂರೆನ್ಸ್ ವ್ಯವಹಾರಕ್ಕೆ ಎರಡು, ಅದೂ ಧಾರಾಳವಾಗಿ ಕೊಟ್ಟರೆ. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಸಿಗುವ ಸ್ತನದ ಗಾತ್ರ ತಗ್ಗಿಸುವ ಆಪರೇಷನ್‌ಗೆ ನಾವು ಕೊಡುವ ಅಂಕ ಇಷ್ಟು. ಈ ಮೂರೂ ಯಾಕೆ ಇಷ್ಟು ದೂರ ದೂರ ನಿಂತಿವೆ ಅನ್ನುವುದು ತಿಳಿದರೆ, ಮಾಡಿಸಿಕೊಳ್ಳಬೇಕೇ ಬೇಡವೇ ಅನ್ನುವ ಪ್ರಶ್ನೆ ಅರ್ಧ ಇತ್ಯರ್ಥವಾಯಿತು.

ಮೊದಲು ಭಾರದ ಮಾತು. ಒಂದೊಂದು ಕಡೆ ಅರ್ಧ ಕಿಲೋ ತೆಗೆಯುವುದು ಈ ಆಪರೇಷನ್ನಿನಲ್ಲಿ ದೊಡ್ಡ ಸಂಗತಿಯೇನಲ್ಲ. ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್ಟನ್ನು ಕೊರಳಿಗೆ ನೇತುಹಾಕಿಕೊಂಡು ಬೆಳಗಿನಿಂದ ರಾತ್ರಿವರೆಗೆ ಅಡುಗೆ, ಆಫೀಸು, ಬಸ್ಸು ಎಲ್ಲ ಮುಗಿಸಿದರೆ ಹೇಗೋ ಹಾಗೆ. ಆ ಭಾರ ತನ್ನ ಗುರುತು ಬಿಟ್ಟೇ ಇರುತ್ತದೆ. ಹೆಗಲ ಮೇಲೆ ಬ್ರಾ ಪಟ್ಟಿ ಕೂತ ಜಾಗದಲ್ಲಿ ಬೆರಳು ಇಟ್ಟರೆ ಒಳಗೆ ಕೂರುವಂಥ ತಗ್ಗು, ಸುತ್ತ ಕಪ್ಪುಗಟ್ಟಿದ ಚರ್ಮ. ರಾತ್ರಿ ಬ್ರಾ ಬಿಚ್ಚಿದ ಮೇಲೂ ಬೆಳಗಿನ ತನಕ ಮಾಯದ ಗೆರೆ. ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗದ ನೋವು, ಮುಂದಕ್ಕೆ ಬಾಗಿದ ಹೆಗಲು, ಕೆಲವರಿಗೆ ಕಿರುಬೆರಳಲ್ಲಿ ಜೋಮು. ಇಂಥ ದೂರುಗಳಿಗೆ ಈ ಆಪರೇಷನ್ ಕೊಡುವ ಪರಿಹಾರ ಎದ್ದು ಕಾಣುವಂಥದ್ದು. ಬಹಳ ಹೆಂಗಸರಿಗೆ ಹೊಲಿಗೆ ನೋವು ಇಳಿಯುವ ಮೊದಲೇ ಹೆಗಲು ಹಗುರಾಗಿರುತ್ತದೆ.

ಆದರೆ ಸೊಂಟದಿಂದ ಹೊರಟು ಕಾಲಿಗೆ ಇಳಿಯುವ ನೋವು ಎದೆಯ ಭಾರದ್ದಲ್ಲ, ಅದನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ. ಆಪರೇಷನ್ ಆದ ಮೇಲೂ ಅದು ಹಾಗೇ ಉಳಿದಾಗ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ.

ಎದೆಯಡಿಯ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಬೇಯುವುದು ಇನ್ನೊಂದು ಮುಖ್ಯ ದೂರು. ಕರಾವಳಿಯ ಸೆಕೆಯಲ್ಲಂತೂ ವರ್ಷವಿಡೀ. ಇದಕ್ಕೆ ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಡುವ ಟ್ಯೂಬುಗಳಲ್ಲಿ ಬಹುಪಾಲು ಸ್ಟೀರಾಯ್ಡ್ ಬೆರೆತವು. ಎರಡು ದಿನ ತುರಿಕೆ ತಗ್ಗುತ್ತದೆ, ಆಮೇಲೆ ಫಂಗಸ್ ಇನ್ನಷ್ಟು ಹಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ. ಅಂಥ ಚರ್ಮದ ಮೇಲೇ ನಾಳೆ ಹೊಲಿಗೆ ಬೀಳಬೇಕು ಅನ್ನುವುದು ನೆನಪಿರಲಿ. ಚರ್ಮದ ಡಾಕ್ಟರ ಹತ್ತಿರ ಹೋಗಿ ಅದನ್ನು ಪೂರ್ತಿ ಒಣಗಿಸಿಕೊಂಡೇ ಮುಂದಿನ ಮಾತು. ಆ ಚೀಟಿಗಳನ್ನು ಎಸೆಯಬೇಡಿ, ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ಆಪರೇಷನ್ನಿಗೆ ಮುಂಚೆ ನೋಡಬೇಕಾದ ಅತಿ ಅಗ್ಗದ ಚಿಕಿತ್ಸೆ ಬ್ರಾ. ಕನ್ನಡಿ ಮುಂದೆ ನಿಂತು ಎರಡೂ ಪಟ್ಟಿಗಳನ್ನು ಹೆಗಲಿಂದ ಜಾರಿಸಿ. ಎದೆ ದಪ್ಪನೆ ಕೆಳಗಿಳಿದರೆ ಸುತ್ತಳತೆಯ ಪಟ್ಟಿ ಸಡಿಲ, ಭಾರವೆಲ್ಲ ಹೆಗಲ ಮೇಲಿದೆ ಅಂತ ಅರ್ಥ. ಭಾರ ಹೊರಬೇಕಾದ್ದು ಎದೆಯಡಿಯ ಪಟ್ಟಿ. ನಮ್ಮ ಪೇಟೆ ಅಂಗಡಿಗಳಲ್ಲಿ ಡಿ ಕಪ್ ದಾಟಿದ್ದು ಸಿಗುವುದು ಕಷ್ಟ. ಅಂಗಡಿಯವರು 34 ಬೇಕಾದವರಿಗೆ 38 ಕೊಟ್ಟು ‘ಸರಿಹೋಗುತ್ತೆ ತಗೊಳ್ಳಿ’ ಅನ್ನುತ್ತಾರೆ. ಆನ್‌ಲೈನಿನಲ್ಲಿ ದೊಡ್ಡ ಕಪ್ ಹುಡುಕಿ, ಅಗಲ ಪಟ್ಟಿಯದನ್ನು ಮೂರು ತಿಂಗಳು ಹಾಕಿ, ಜೊತೆಗೆ ಬೆನ್ನಿನ ಫಿಸಿಯೋಥೆರಪಿ ಮಾಡಿ. ಇದರಲ್ಲೇ ನೋವು ತಡೆಯುವಷ್ಟಾದರೆ ಚಾಕುವಿನ ಗೊಡವೆ ಬೇಡ. ಆಗದಿದ್ದರೆ ಅದೂ ಒಂದು ಉತ್ತರವೇ.

ತೂಕ ಇಳಿಸಿದರೆ ಎದೆಯೂ ಇಳಿಯುತ್ತದೆಯೇ? ಕೊಬ್ಬು ಜಾಸ್ತಿ ಇದ್ದರೆ ಇಳಿಯುತ್ತದೆ, ಗ್ರಂಥಿಯ ತಿರುಳು ಜಾಸ್ತಿ ಇದ್ದರೆ ಹೆಚ್ಚು ಇಳಿಯುವುದಿಲ್ಲ. ಇಳಿಸುವ ಮನಸ್ಸಿದ್ದರೆ ಮೊದಲು ಇಳಿಸಿ, ಆರು ತಿಂಗಳು ಅದೇ ತೂಕದಲ್ಲಿ ನಿಂತು ಆಮೇಲೆ ಬನ್ನಿ. ಆಪರೇಷನ್ ಆದ ಮೇಲೆ ಹದಿನೈದು ಕಿಲೋ ಇಳಿಸಿದರೆ ಹೊಸ ಆಕಾರ ಜೋತುಬೀಳುತ್ತದೆ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 35 ದಾಟಿದವರಲ್ಲಿ ಗಾಯ ಮಾಯದ ತೊಂದರೆ ಹೆಚ್ಚು. ಕೆಲವು ಸರ್ಜನ್‌ಗಳು 30ಕ್ಕೇ ಗೆರೆ ಎಳೆಯುತ್ತಾರೆ. ಅದು ಅವಮಾನವಲ್ಲ, ಹೊಲಿಗೆಯ ಲೆಕ್ಕ. ಕ್ರೀಮು, ಮಾತ್ರೆ, ಎಣ್ಣೆ ಮಸಾಜು ಇವುಗಳ ಬಗ್ಗೆ ಒಂದೇ ಮಾತು: ದುಡ್ಡು ದಂಡ.

ಈಗ ಟೇಪಿನ ವಿಷಯ. ಒಳ್ಳೆ ಸರ್ಜನ್ ಯಾರು ಅನ್ನುವುದು ಮೊದಲ ಹದಿನೈದು ನಿಮಿಷದಲ್ಲೇ ಗೊತ್ತಾಗುತ್ತದೆ. ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆ. ನಿಮ್ಮನ್ನು ನೆಟ್ಟಗೆ ನಿಲ್ಲಿಸಿ, ಕತ್ತಿನ ಬುಡದ ಗುಳಿಯಿಂದ ತೊಟ್ಟಿನವರೆಗೆ, ತೊಟ್ಟಿನಿಂದ ಎದೆಯಡಿಯ ಮಡಿಕೆಯವರೆಗೆ ಅಳೆದು, ಎಡ ಬಲ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ಮೊದಲ ಅಳತೆ ಸಾಧಾರಣವಾಗಿ 19ರಿಂದ 23 ಸೆಂಟಿಮೀಟರ್. ಆಪರೇಷನ್ನಿಗೆ ಬರುವವರಲ್ಲಿ 30 ದಾಟಿದ್ದು ಸಾಮಾನ್ಯ. ಈ ಸಂಖ್ಯೆ ಯಾಕೆ ಮುಖ್ಯ ಅಂದರೆ, ತೊಟ್ಟನ್ನು ಕತ್ತರಿಸಿ ಬೇರೆ ಮಾಡದೆ, ಅದಕ್ಕೆ ರಕ್ತ ಮತ್ತು ಸ್ಪರ್ಶದ ನರ ಒಯ್ಯುವ ತಿರುಳಿನ ಒಂದು ಕಂಬದ ಸಮೇತ ಮೇಲಕ್ಕೆ ಸರಿಸಬೇಕು. ಸರ್ಜನ್‌ಗಳು ಇದನ್ನು ಪೆಡಿಕಲ್ ಅನ್ನುತ್ತಾರೆ. ದಾರಿ ಉದ್ದವಾದಷ್ಟೂ ತುದಿಗೆ ರಕ್ತ ತಲುಪುವುದು ಕಷ್ಟ. 40 ಸೆಂಟಿಮೀಟರ್ ಆಸುಪಾಸಿಗೆ ಹೋದರೆ ತೊಟ್ಟನ್ನು ತೆಗೆದು ಚರ್ಮದ ಕಸಿಯಂತೆ ಕೂರಿಸುವ ಮಾತು ಬರುತ್ತದೆ. ಆಗ ಹಾಲೂಡಿಸುವುದು ಆಗದು, ಸ್ಪರ್ಶವೂ ಬಹುಮಟ್ಟಿಗೆ ಹೋಗುತ್ತದೆ. ಟೇಪು ಹಿಡಿಯದೆ, ಕುರ್ಚಿಯಿಂದಲೇ ‘ಸಿ ಕಪ್ ಮಾಡಿಕೊಡ್ತೀವಿ’ ಅನ್ನುವವರಿಗೆ ನಮಸ್ಕಾರ ಹೇಳಿ ಎದ್ದುಬನ್ನಿ. ಕಪ್ ಸೈಜು ಕಂಪನಿಯಿಂದ ಕಂಪನಿಗೆ ಬೇರೆ, ಅದರ ಭರವಸೆ ಯಾರೂ ಕೊಡಲಾರರು.

ಎಷ್ಟು ಗ್ರಾಂ ತೆಗೆಯಬೇಕಾಗಬಹುದು ಅಂತ ಕೇಳಿ, ಅಂದಾಜನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಮೆರಿಕದ ಇನ್ಶೂರೆನ್ಸ್ ಕಂಪನಿಗಳು 1991ರಲ್ಲಿ ಬಂದ ಷ್ನೂರ್ ಪಟ್ಟಿ ಅನ್ನುವುದನ್ನು ಹಿಡಿದು ನೋಡುತ್ತವೆ: ಮೈಯ ಚರ್ಮದ ವಿಸ್ತೀರ್ಣಕ್ಕೆ ತಕ್ಕಂತೆ ಇಷ್ಟು ಗ್ರಾಂ ಮೇಲಾದರೆ ಆರೋಗ್ಯಕ್ಕಾಗಿ, ಕಮ್ಮಿಯಾದರೆ ಅನುಮಾನ. 155 ಸೆಂಟಿಮೀಟರ್ ಎತ್ತರ, 60 ಕಿಲೋ ತೂಕದವರ ವಿಸ್ತೀರ್ಣ ಸುಮಾರು 1.6 ಚದರ ಮೀಟರ್. ಅವರಿಗೆ ಆ ಪಟ್ಟಿ ಹೇಳುವುದು ಒಂದು ಕಡೆಗೆ 310 ಗ್ರಾಂ. ಇಲ್ಲಿನ ಕಂಪನಿಗಳಿಗೆ ಇದು ಕಾನೂನಲ್ಲ. ಆದರೂ ಡಾಕ್ಟರು 150 ಗ್ರಾಂ ಅಂದರೆ ನಿಮ್ಮ ಬೆನ್ನುನೋವಿಗೆ ಬೇರೆ ಕಾರಣ ಇರಬಹುದೇ ಅಂತ ಇನ್ನೊಮ್ಮೆ ಯೋಚಿಸಬೇಕು.

ಅಂದಚಂದಕ್ಕೆ ಆರೇ ಅಂಕ ಯಾಕೆ ಅಂದರೆ, ಕಲೆ. ಕಲೆ ಇಲ್ಲದ ರಿಡಕ್ಷನ್ ಇಲ್ಲ. ಹೆಚ್ಚು ತೆಗೆಯಬೇಕಾದಾಗ ತೊಟ್ಟಿನ ಸುತ್ತ ಒಂದು, ಅಲ್ಲಿಂದ ನೇರ ಕೆಳಕ್ಕೆ ಒಂದು, ಮಡಿಕೆಯುದ್ದಕ್ಕೂ ಅಡ್ಡ ಒಂದು, ಹೀಗೆ ಲಂಗರಿನ ಆಕಾರ. ಕಮ್ಮಿ ಇದ್ದರೆ ಅಡ್ಡಗೆರೆ ತಪ್ಪಬಹುದು. ‘ಲೇಸರ್’, ‘ಸ್ಕಾರ್‌ಲೆಸ್’ ಅಂತ ಜಾಹೀರಾತು ಹಾಕುವವರು ಹೇಳುತ್ತಿರುವುದು ಬಹುಪಾಲು ಲೈಪೊಸಕ್ಷನ್, ಅಂದರೆ ಸಣ್ಣ ಕೊಳವೆ ತೂರಿಸಿ ಕೊಬ್ಬು ಹೀರಿ ತೆಗೆಯುವುದು. ಎದೆ ಜೋತುಬಿದ್ದಿಲ್ಲ, ಕೊಬ್ಬೇ ಹೆಚ್ಚು ಅನ್ನುವವರಿಗೆ ಅದು ನಡೆಯುತ್ತದೆ. ಗಟ್ಟಿ ತಿರುಳಿನ ಎಳೆಯ ಹುಡುಗಿಯರಿಗೆ ಆ ಕೊಳವೆಯಲ್ಲಿ ಏನೂ ಬರುವುದಿಲ್ಲ, ಮತ್ತು ಅದು ತೊಟ್ಟನ್ನು ಮೇಲಕ್ಕೆ ತರುವುದಿಲ್ಲ. ನಮ್ಮ ಮೈಬಣ್ಣದವರಲ್ಲಿ ಕಲೆ ಉಬ್ಬುವುದು, ಕಪ್ಪಾಗುವುದು ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲೋ ಸಿಸೇರಿಯನ್ ಹೊಲಿಗೆಯಲ್ಲೋ ಗಂಟು ಬೆಳೆದಿದ್ದರೆ ಅದನ್ನು ಮೊದಲೇ ಹೇಳಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಅಥವಾ ಪಟ್ಟಿಯನ್ನು ಮೂರು ತಿಂಗಳಾದರೂ ಬಿಡದೆ ಬಳಸಬೇಕು. ಕಲೆ ತಣ್ಣಗಾಗಿ ತಿಳಿಯಾಗಲು ಒಂದರಿಂದ ಒಂದೂವರೆ ವರ್ಷ.

ಹಾಲೂಡಿಸುವ ವಿಷಯದಲ್ಲಿ ಯಾರೂ ಗ್ಯಾರಂಟಿ ಕೊಡಬಾರದು. ತೊಟ್ಟಿನ ಹಿಂದಿನ ತಿರುಳು, ನಾಳಗಳು ಪೂರ್ತಿ ಉಳಿದರೆ ಹಾಲು ಬರುವ ಸಾಧ್ಯತೆ ಚೆನ್ನಾಗಿದೆ, ಮಗುವಿಗೆ ಸಾಲುವಷ್ಟು ಬರುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಒಂದೆರಡು ವರ್ಷದಲ್ಲಿ ಮಗು ಬೇಕು ಅನ್ನುವವರು, ನೋವು ತಡೆಯುವಂತಿದ್ದರೆ, ಕಾಯುವುದು ಮೇಲು; ಬಸುರಿ ಬಾಣಂತನದಲ್ಲಿ ಗಾತ್ರ ಮತ್ತೆ ಬದಲಾಗುತ್ತದೆ. ಹಾಲು ಬಿಡಿಸಿ ಆರು ತಿಂಗಳಾದರೂ ಆಗಿರಬೇಕು. ಹದಿನೆಂಟಕ್ಕಿಂತ ಚಿಕ್ಕವರಲ್ಲಿ, ಎದೆ ಅಸಹಜವಾಗಿ ಬೆಳೆಯುತ್ತಲೇ ಹೋಗುವ ಅಪರೂಪದ ಕಾಯಿಲೆ ಬಿಟ್ಟರೆ, ಬೆಳವಣಿಗೆ ಒಂದು ವರ್ಷ ನಿಂತಿದ್ದು ಖಾತರಿಯಾಗುವವರೆಗೆ ಬೇಡ. ಗಂಡನಿಗಾಗಿಯೋ ನೋಡಲು ಬರುವ ಗಂಡಿಗಾಗಿಯೋ ಆದರೆ ಬೇಡವೇ ಬೇಡ.

ತಂಬಾಕು ಯಾವ ರೂಪದಲ್ಲಿದ್ದರೂ, ಎಲೆಯಡಿಕೆ ಜೊತೆಗಿನ ಹೊಗೆಸೊಪ್ಪೂ ಸೇರಿ, ಮುಂಚೆ ನಾಲ್ಕರಿಂದ ಆರು ವಾರ, ಆಮೇಲೆ ಅಷ್ಟೇ ಕಾಲ ಬಂದ್. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ತೊಟ್ಟು ಕಪ್ಪಾಗಿ ಸತ್ತುಹೋಗುವ ಅಪಾಯ ಇಲ್ಲಿಂದಲೇ. ಸಕ್ಕರೆ, ಹಿಮೋಗ್ಲೋಬಿನ್ ಹತೋಟಿಗೆ ಬರಬೇಕು. ಆಸ್ಪಿರಿನ್, ಮೀನೆಣ್ಣೆ, ವಿಟಮಿನ್ ಇ, ಗಿಡಮೂಲಿಕೆ ಕಷಾಯ, ಗರ್ಭನಿರೋಧಕ ಮಾತ್ರೆ ಎಲ್ಲವನ್ನೂ ಡಾಕ್ಟರ ಮುಂದೆ ಪಟ್ಟಿ ಮಾಡಿ. ನಲವತ್ತು ದಾಟಿದ್ದರೆ ಮೊದಲು ಮ್ಯಾಮೋಗ್ರಾಮ್.

ಆಪರೇಷನ್ ದಿನ ಬೆಳಿಗ್ಗೆ ಗಮನಿಸಬೇಕಾದ ಒಂದು ಸಂಗತಿ ಇದೆ. ಸರ್ಜನ್ ಸ್ವತಃ ಬಂದು, ನಿಮ್ಮನ್ನು ನಿಲ್ಲಿಸಿಯೇ, ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕಬೇಕು: ಎದೆಯ ನಡುಗೆರೆ, ಮಡಿಕೆ, ಹೊಸ ತೊಟ್ಟಿನ ಜಾಗ. ಮಲಗಿದಾಗ ಎದೆ ಪಕ್ಕಕ್ಕೆ ಜಾರುತ್ತದೆ, ಆಗ ಹಾಕಿದ ಗೆರೆ ನಿಂತಾಗ ತಪ್ಪಿರುತ್ತದೆ. ತೊಟ್ಟು ಅತಿ ಮೇಲೆ ಕೂತರೆ ಬ್ಲೌಸಿನ ಅಂಚಲ್ಲಿ ಇಣುಕುತ್ತದೆ, ಮತ್ತೆ ಕೆಳಗಿಳಿಸುವುದು ಬಹಳ ಕಷ್ಟ. ಫೋಟೊ ತೆಗೆಯುವುದೂ ಅಗತ್ಯವೇ, ಆದರೆ ಮುಖ ಬರದಂತೆ, ಆಸ್ಪತ್ರೆಯ ಕ್ಯಾಮೆರಾದಲ್ಲಿ, ನಿಮ್ಮ ಸಹಿ ಪಡೆದು. ಯಾರದೋ ಫೋನಿನ ವಾಟ್ಸಾಪ್‌ನಲ್ಲಿ ಅಲ್ಲ.

ಪೂರ್ತಿ ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ಗಂಟೆ, ಸಾಮಾನ್ಯವಾಗಿ ಒಂದು ರಾತ್ರಿ ಆಸ್ಪತ್ರೆ. ಡ್ರೈನ್ ಕೊಳವೆ ಇಟ್ಟಿದ್ದರೆ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಮೊದಲ 24 ಗಂಟೆಯಲ್ಲಿ ಒಂದೇ ಕಡೆ ಇದ್ದಕ್ಕಿದ್ದಂತೆ ಬಿಗಿದು ಕಲ್ಲಿನಂತಾಗಿ ನೋವು ಏರಿದರೆ ಒಳಗೆ ರಕ್ತ ತುಂಬುತ್ತಿದೆ. ಬೆಳಗಾಗಲಿ ಅಂತ ಕಾಯಬೇಡಿ, ನರ್ಸನ್ನು ಕರೆಯಿರಿ. ತೊಟ್ಟು ನೀಲಿಗಟ್ಟಿದರೂ ಹಾಗೇ. ಮನೆಗೆ ಬಂದ ಮೇಲೆ ಮೀನಖಂಡದ ಊತ, ಉಸಿರು ಕಟ್ಟಿದಂತಾಗುವುದು ಕಂಡರೆ ನೇರ ಎಮರ್ಜೆನ್ಸಿಗೆ.

ಎಲ್ಲಕ್ಕಿಂತ ಹೆಚ್ಚು ಸಲ ಆಗುವ ತೊಂದರೆ ಬೇರೆ. ನೇರಗೆರೆ ಅಡ್ಡಗೆರೆ ಕೂಡುವ ಮೂಲೆಯಲ್ಲಿ ಚರ್ಮಕ್ಕೆ ಎಳೆತ ಹೆಚ್ಚು, ರಕ್ತ ಕಮ್ಮಿ. ಎರಡನೇ ಮೂರನೇ ವಾರದಲ್ಲಿ ಅಲ್ಲಿ ನಾಲ್ಕಾಣೆ ಅಗಲದಷ್ಟು ಹೊಲಿಗೆ ಬಿಡುತ್ತದೆ. ನೋಡಲು ಗಾಬರಿಯಾಗುತ್ತದೆ, ಆದರೆ ದಿನಾ ಡ್ರೆಸ್ಸಿಂಗ್ ಮಾಡಿದರೆ ಕೆಲವು ವಾರದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅರಿಸಿನ ಮೆತ್ತಬೇಡಿ. ತಿಂಗಳು ಕಳೆದ ಮೇಲೆ ಕೈಗೆ ಸಿಗುವ ಗಟ್ಟಿ ಗಂಟು ಹೆಚ್ಚಾಗಿ ಸತ್ತ ಕೊಬ್ಬು. ಹಾಗಂತ ನೀವೇ ತೀರ್ಮಾನಿಸದೆ ತೋರಿಸಿ. ತೆಗೆದ ತಿರುಳನ್ನು ಬಯಾಪ್ಸಿಗೆ ಕಳಿಸಿದ್ದಾರೆಯೇ ಅಂತ ಕೇಳಿ, ರಿಪೋರ್ಟ್ ತಂದಿಟ್ಟುಕೊಳ್ಳಿ. ಅಪರೂಪಕ್ಕೆ ಅದರಲ್ಲಿ ಯಾರಿಗೂ ಗೊತ್ತಿಲ್ಲದ ಕ್ಯಾನ್ಸರ್ ಸಿಕ್ಕಿದ್ದುಂಟು.

ಕುರ್ಚಿ ಕೆಲಸಕ್ಕೆ ಎರಡು ವಾರದಲ್ಲಿ ಹೋಗಬಹುದು. ತುಂಬಿದ ಕೊಡ, ಐದು ಲೀಟರಿನ ಕುಕ್ಕರ್, ಮಗು ಎತ್ತುವುದು, ಬಸ್ಸಿನ ಮೇಲಿನ ಕಂಬಿ ಹಿಡಿದು ನಿಲ್ಲುವುದು ಆರು ವಾರ ಬೇಡ.

ದುಡ್ಡು. ಖಾಸಗಿಯಲ್ಲಿ ಲಕ್ಷ ದಾಟುತ್ತದೆ. ‘ಪ್ಯಾಕೇಜ್’ ಅಂದಾಗ ಅರಿವಳಿಕೆ, ಬಯಾಪ್ಸಿ, ಬಿಗಿ ಬ್ರಾ, ಡ್ರೆಸ್ಸಿಂಗ್, ತಿದ್ದುಪಡಿ ಬೇಕಾದರೆ ಅದರ ಖರ್ಚು, ಇಷ್ಟೂ ಒಳಗಿದೆಯೇ ಅಂತ ಬರೆಸಿಕೊಳ್ಳಿ. ಸೌಂದರ್ಯದ ಸರ್ಜರಿ ಅಂತ ಬಿಲ್ ಆದರೆ ಶೇ 18 ಜಿಎಸ್‌ಟಿ ಬೀಳುತ್ತದೆ. ಆರೋಗ್ಯ ವಿಮೆಯಲ್ಲಿ ಎಕ್ಸ್‌ಕ್ಲೂಷನ್ 08 ಅನ್ನುವ ಷರತ್ತು ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುತ್ತದೆ. ವೈದ್ಯಕೀಯವಾಗಿ ಅಗತ್ಯ ಅಂತ ಚಿಕಿತ್ಸೆ ಕೊಡುವ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಸಣ್ಣ ಬಾಗಿಲು. ಆ ಬಾಗಿಲಿಗೆ ಕೀಲಿ ನಿಮ್ಮ ಹಳೇ ಚೀಟಿಗಳು: ಚರ್ಮದ ಡಾಕ್ಟರದ್ದು, ಮೂಳೆ ಡಾಕ್ಟರದ್ದು, ಫಿಸಿಯೋ ಹಾಜರಿ, ಗ್ರಾಂ ಅಂದಾಜು. ಕಂಪನಿ ಮೊದಲ ಸಲ ಇಲ್ಲ ಅನ್ನುತ್ತದೆ ಅಂತಲೇ ಇಟ್ಟುಕೊಳ್ಳಿ. ಅವರ ದೂರು ವಿಭಾಗಕ್ಕೆ ಬರೆದೂ ಆಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಕೈ ಬಿಗಿಯಿದ್ದರೆ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ವಿಚಾರಿಸಿ. ಸುಟ್ಟಗಾಯ, ಅಪಘಾತದವರ ನಡುವೆ ನಿಮ್ಮ ಸರದಿ ಹಿಂದೆ ಬೀಳಬಹುದು, ಅದು ನ್ಯಾಯವೇ. ಎಲ್ಲೇ ಆಗಲಿ, ಸರ್ಜನ್ ಎಂಎಸ್ ಮುಗಿಸಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರಬೇಕು. ‘ಕಾಸ್ಮೆಟಿಕ್ ಸರ್ಜನ್’ ಅನ್ನುವ ಬೋರ್ಡಷ್ಟೇ ಡಿಗ್ರಿಯಲ್ಲ.

ಕೊನೆಗೆ ಬಟ್ಟೆ. ಮುಂದೆ ಹುಕ್ಕಿರುವ, ತಂತಿ ಇಲ್ಲದ ಹತ್ತಿ ಬ್ರಾ ಎರಡು ಮೊದಲೇ ಕೊಂಡಿಡಿ, ತೊಳೆದು ಬದಲಾಯಿಸಲು. ಊತ ಇಳಿದು ಆಕಾರ ಕೂರಲು ಆರು ತಿಂಗಳು ಬೇಕು. ಅಲ್ಲಿಯವರೆಗೆ ಟೈಲರಿಗೆ ಅಳತೆ ಬ್ಲೌಸ್ ಕೊಡಬೇಡಿ. ಮನೆಯಲ್ಲಿ ಮದುವೆ ಇದ್ದರೆ ಒಳಗೆ ಮೂರಿಂಚು ಬಟ್ಟೆ ಬಿಟ್ಟು ಒಂದನ್ನು ಮಾತ್ರ ಹೊಲಿಸಿ.