ಎಚ್ಚರಿಕೆ: ‘ಸೌಂಡ್ ಚೆಕ್ ಪಾಸ್’ ಎಂದು 11,000 ರೂಪಾಯಿ ಕೊಟ್ಟು ನಾನು ಕೇಳಿದ್ದು ‘ಚೆಕ್, ಒನ್, ಟೂ’

ನಿನ್ನೆ ಸಂಜೆ ನನ್ನ ವಾಟ್ಸಾಪ್‌ಗೆ ಒಂದು ಪೋಸ್ಟರ್ ಬಂದಿದೆ. ಗಾಯಕರು ಬೇರೆ, ಕಡಲತೀರ ಬೇರೆ. ಆದರೆ ಕಳುಹಿಸಿದ ಸಂಖ್ಯೆ ಅದೇ, ‘ಸೌಂಡ್ ಚೆಕ್ ಪಾಸ್, ಕೆಲವೇ ಉಳಿದಿವೆ’ ಎಂಬ ಮಾತೂ ಅದೇ. ಕಳೆದ ಜನವರಿಯಲ್ಲಿ ಮಂಗಳೂರಿನ ಪಣಂಬೂರು ಕಡಲತೀರದ ಸಂಗೀತ ಕಾರ್ಯಕ್ರಮಕ್ಕೆ ಇಂಥ ಎರಡು ಪಾಸು, ಅಂದರೆ ಕಾರ್ಯಕ್ರಮಕ್ಕೆ ಮೊದಲು ನಡೆಯುವ ದನಿ-ವಾದ್ಯಗಳ ಪರೀಕ್ಷೆಯನ್ನು ನೋಡುವ ಪಾಸು, ಕೊಂಡು ನಾನು ಬೇಸ್ತು ಬಿದ್ದ ಸಂಗತಿಯನ್ನು ಇದುವರೆಗೆ ಇಬ್ಬರು ಗೆಳೆಯರಿಗೆ ಮಾತ್ರ ಹೇಳಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗಿತ್ತು, ಈಗಲೂ ಆಗುತ್ತಿದೆ. ಆದರೆ ಆ ಪೋಸ್ಟರ್ ನೋಡಿದ ಮೇಲೆ ಸುಮ್ಮನಿರಲು ಸಾಧ್ಯವಾಗಲಿಲ್ಲ. ಗ್ರಾಹಕ ಸಹಾಯವಾಣಿಗೆ ಕೊಟ್ಟ ದೂರು ಇನ್ನೂ ಇತ್ಯರ್ಥವಾಗಿಲ್ಲದ ಕಾರಣ ಸಂಘಟಕರ ಹೆಸರನ್ನಾಗಲಿ ಗಾಯಕರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಗಾಯಕರಿಗೆ ಈ ಪಾಸಿನ ವಿಚಾರ ತಿಳಿದಿತ್ತೆಂದು ನನಗೆ ಅನ್ನಿಸುವುದೂ ಇಲ್ಲ.

ನಾನು ಪುತ್ತೂರಿನವನು. ಆ ಗಾಯಕರ ಹಾಡುಗಳನ್ನು ಕಾಲೇಜಿನ ದಿನಗಳಿಂದ, ಅಂದರೆ ಹನ್ನೆರಡು ವರ್ಷಗಳಿಂದ ಕೇಳುತ್ತಾ ಬಂದಿದ್ದರೂ ಒಮ್ಮೆಯೂ ಎದುರಿಗೆ ಕೂತು ಕೇಳಿರಲಿಲ್ಲ. ನಮ್ಮೂರಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೇ ಅವರು ಬರುತ್ತಾರೆಂದು ತಿಳಿದ ದಿನವೇ ತಲಾ 1,500 ರೂಪಾಯಿಯ ಎರಡು ಸಾಮಾನ್ಯ ಟಿಕೆಟ್‌ಗಳನ್ನು, ಒಂದು ನನಗೆ, ಇನ್ನೊಂದು ತಂಗಿಗೆ, ಆ್ಯಪ್ ಮೂಲಕ ಕಾಯ್ದಿರಿಸಿದೆ. ಟಿಕೆಟ್ ಬಂತು, ರಸೀದಿಯೂ ಬಂತು. ಅಲ್ಲಿಗೇ ನಿಂತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಎರಡು ದಿನಗಳ ನಂತರ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಬಂತು. ‘ಕಲಾವಿದರ ತಂಡದ ಸೌಂಡ್ ಚೆಕ್ ಅನ್ನು ಕಣ್ಣಾರೆ ನೋಡಿ’ ಎಂದು ಮೇಲೆ ದಪ್ಪ ಅಕ್ಷರಗಳಲ್ಲಿತ್ತು. ಐವತ್ತು ಮಂದಿಗೆ ಮಾತ್ರ ಅವಕಾಶ, ಗಾಯಕರೊಂದಿಗೆ ಇಪ್ಪತ್ತು ನಿಮಿಷ, ಒಂದು ಫೋಟೋ, ರಾತ್ರಿ ವೇದಿಕೆಗೆ ಅಂಟಿಕೊಂಡ ಮುಂಭಾಗದ ಜಾಗ ಎಂದು ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು. ಟಿಕೆಟ್ ಇದ್ದವರು ಹೆಚ್ಚುವರಿಯಾಗಿ ತಲಾ 5,500 ರೂಪಾಯಿ ಕೊಡಬೇಕಿತ್ತು. ತಂಗಿ ಕೊರಿಯಾದ ಬಿಟಿಎಸ್ ತಂಡದ ಅಭಿಮಾನಿ. ಅಂಥ ತಂಡಗಳ ಪ್ರವಾಸಗಳಲ್ಲಿ ಸೌಂಡ್ ಚೆಕ್ ನೋಡಲು ಪ್ರತ್ಯೇಕವಾದ ದುಬಾರಿ ಟಿಕೆಟ್‌ಗಳಿರುತ್ತವೆ, ಕಲಾವಿದರು ಸಾಮಾನ್ಯ ಬಟ್ಟೆಯಲ್ಲಿ ಬಂದು ಕೆಲವು ಹಾಡುಗಳನ್ನು ಹಾಡುತ್ತಾರೆ ಎಂದು ಅವಳು ವಿವರಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ನಡೆಯುವುದು ಇಲ್ಲಿಯೂ ನಡೆಯುತ್ತದೆಂದು ನಂಬಿದ್ದು ನನ್ನ ತಪ್ಪು.

ಹಣ ಕಟ್ಟುವಾಗ ಆ್ಯಪ್ ಇರಲಿಲ್ಲ, ಒಂದು ಕ್ಯೂಆರ್ ಕೋಡ್ ಮಾತ್ರ ಇತ್ತು. ಸ್ಕ್ಯಾನ್ ಮಾಡಿದರೆ ಕಂಪನಿಯ ಬದಲು ಯಾವುದೋ ವ್ಯಕ್ತಿಯ ಹೆಸರು ಕಾಣಿಸಿತು. ಇದನ್ನು ನಾನು ನೋಡಿದೆ, ನೋಡಿಯೇ ಕೇಳಿದೆ. ‘ಅದು ನಮ್ಮ ಅಕೌಂಟ್ಸ್‌ನವರದ್ದು ಸರ್, ಟೆನ್ಷನ್ ಬೇಡ, ಇನ್ನು ನಾಲ್ಕೇ ಪಾಸ್ ಇದೆ’ ಎಂಬ ಉತ್ತರ ಬಂತು. ಮೆಡಿಕಲ್ ಶಾಪಿನಲ್ಲಿ ಐವತ್ತು ರೂಪಾಯಿಯ ಮಾತ್ರೆಗೂ ಬಿಲ್ ಕೇಳುವ ನಾನು ಆ ‘ನಾಲ್ಕೇ’ ಎಂಬ ಮಾತಿಗೆ ಸೋತು 11,000 ರೂಪಾಯಿ ಕಳುಹಿಸಿದೆ. ರಸೀದಿ ಬರಲಿಲ್ಲ. ಪಾಸಿನ ಚಿತ್ರವೊಂದು ಬಂತು, ಅದರ ಮೇಲೆ ನನ್ನ ಹೆಸರು ಸಹ ಇರಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರೂವರೆಗೆ ಗೇಟಿನ ಬಳಿ ಇರಬೇಕೆಂದು ಸೂಚನೆಯಿತ್ತು. ಮೂರು ಗಂಟೆಗೇ ತಲುಪಿದೆವು. ಒಳಗೆ ಬಿಟ್ಟಿದ್ದು ನಾಲ್ಕೂ ಮುಕ್ಕಾಲಿಗೆ. ಅಷ್ಟು ಹೊತ್ತು ನೆರಳಿಲ್ಲದ ಮರಳಿನಲ್ಲಿ ನಿಂತ ವಿಷಯವನ್ನು ಬೆಳೆಸುವುದಿಲ್ಲ, ಯಾವ ಕಾರ್ಯಕ್ರಮದಲ್ಲಾದರೂ ಅಷ್ಟು ಇದ್ದದ್ದೇ.

ಸಮುದ್ರಕ್ಕೆ ಬೆನ್ನು ಹಾಕಿ ವೇದಿಕೆ ಕಟ್ಟಿದ್ದರು. ವೇದಿಕೆಯ ಮೇಲೆ ಮೂವರು ಹುಡುಗರಿದ್ದರು. ಒಬ್ಬ ಡ್ರಮ್ಮಿನ ದೊಡ್ಡ ಬಾಯಿಗೆ ಒಂದೇ ಸಮನೆ ‘ಡಂ, ಡಂ, ಡಂ’ ಎಂದು ಬಡಿಯುತ್ತಿದ್ದ. ಹತ್ತು ನಿಮಿಷ ಅದೇ ನಡೆಯಿತು. ಬಳಿಕ ಇನ್ನೊಬ್ಬ ಪ್ರತಿಯೊಂದು ಮೈಕಿನ ಮುಂದೆಯೂ ಹೋಗಿ ‘ಚೆಕ್, ಚೆಕ್, ಒನ್, ಟೂ’ ಎಂದ. ನಂತರ ಸ್ಪೀಕರುಗಳಿಂದ ಮಳೆ ಸುರಿದಂಥ ಸದ್ದನ್ನು ಬಿಟ್ಟು ಕನ್ಸೋಲಿನ, ಅಂದರೆ ಸದ್ದನ್ನು ಹೊಂದಿಸುವ ಯಂತ್ರದ, ಬಳಿ ಇದ್ದವರು ಏನನ್ನೋ ಅಳೆದರು. ನಾವು ಮೂವತ್ತಕ್ಕೂ ಹೆಚ್ಚು ಮಂದಿ ಹಗ್ಗದ ಈಚೆ ನಿಂತು, ಈಗ ಬರಬಹುದು, ಇನ್ನೇನು ಬರಬಹುದು ಎಂದು ಮೊಬೈಲ್ ಎತ್ತಿ ಹಿಡಿದಿದ್ದೆವು. ಪ್ರತಿ ಬಾರಿ ಯಾರಾದರೂ ವೇದಿಕೆ ಹತ್ತಿದಾಗ ಕೂಗಿದೆವು. ಒಮ್ಮೆ ನೀರಿನ ಬಾಟಲಿ ಇಡಲು ಬಂದವನಿಗೂ ಕೂಗಿದ್ದೆವು, ಇದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ನನಗೆ ಆಮೇಲೆ ತಿಳಿದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಹುಡುಗರು ಮಾಡುತ್ತಿದ್ದುದಕ್ಕೆ ಈ ಕೆಲಸದವರು ‘ಲೈನ್ ಚೆಕ್’ ಎನ್ನುತ್ತಾರೆ. ಪ್ರತಿ ಮೈಕಿನಿಂದ, ಪ್ರತಿ ವಾದ್ಯದಿಂದ ಹೊರಟ ಕೇಬಲ್ ಕನ್ಸೋಲಿಗೆ ಸರಿಯಾಗಿ ತಲುಪುತ್ತಿದೆಯೇ ಎಂದು ನೋಡುವುದು ಅಷ್ಟೇ. ಅದಕ್ಕೆ ಕಲಾವಿದರು ಬೇಕಾಗಿಲ್ಲ. ತಂಡದವರು ಬಂದು ತಮ್ಮ ವಾದ್ಯ ತಾವೇ ನುಡಿಸಿ, ಗಾಯಕರು ತಮ್ಮ ದನಿ ತಮಗೆ ಸಾಕಷ್ಟು ಕೇಳಿಸುತ್ತಿದೆಯೇ ಎಂದು ಹಾಡಿ ನೋಡುವುದು ಸೌಂಡ್ ಚೆಕ್. ಹೊತ್ತು ಮೀರಿದಾಗ, ವಿಮಾನ ತಡವಾದಾಗ ಎರಡನೆಯದನ್ನು ಬಿಟ್ಟು ಮೊದಲನೆಯದರಲ್ಲೇ ಮುಗಿಸುವುದು ಸಾಮಾನ್ಯವಂತೆ. ಅಂದರೆ ಖಚಿತವಾಗಿ ನಡೆಯುತ್ತದೆ ಎಂದು ಯಾರೂ ಹೇಳಲಾಗದ ಸಂಗತಿಯೊಂದನ್ನು ನಮಗೆ 5,500ಕ್ಕೆ ಮಾರಿದ್ದರು. ನಮ್ಮ ಕಡೆಯ ಬಯಲಾಟದಲ್ಲಿ ಚೌಕಿಯಲ್ಲಿ ವೇಷ ಕಟ್ಟುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು, ಮೈಕ್ ಸೆಟ್ಟಿನವನ ‘ಹಲೋ ಹಲೋ’ ಇಡೀ ಊರಿಗೆ ಕೇಳಿಸುತ್ತದೆ. ಅದಕ್ಕೆ ದುಡ್ಡು ಕೊಡಬೇಕೆಂದು ನನಗೆ ಹೊಳೆದದ್ದಾದರೂ ಹೇಗೆ?

ಐದೂ ಕಾಲರ ಹೊತ್ತಿಗೆ ಕನ್ಸೋಲಿನಿಂದ ಒಬ್ಬ ಇಂಜಿನಿಯರ್ ನಮ್ಮ ಬಳಿಗೆ ಬಂದರು. ಕೊನೆಗೂ ಯಾರೋ ಮಾತನಾಡಿಸಲು ಬಂದರು ಎಂದುಕೊಂಡೆ. ಅವರು ತಂಗಿಯನ್ನು ನೋಡಿ, ‘ನೀವು ವಾಲಂಟಿಯರ್ಸ್ ಅಲ್ವಾ? ಆ ಕುರ್ಚಿಗಳನ್ನು ಸ್ವಲ್ಪ ಹಿಂದಕ್ಕೆ ಸರಿಸ್ತೀರಾ?’ ಎಂದರು. ನಾನು ಪಾಸು ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಸೌಂಡ್ ಚೆಕ್‌ಗೆ ಪಾಸಾ? ಯಾರು ಕೊಟ್ರು?’ ಎಂದು ಕೇಳಿದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ವ್ಯಂಗ್ಯವಿದ್ದಿದ್ದರೆ ನಾನು ಜಗಳವಾಡಬಹುದಿತ್ತು. ಗಾಯಕರ ವಿಮಾನ ಬಜ್ಪೆಗೆ ಬಂದು ಇಳಿಯುವುದೇ ಏಳು ಗಂಟೆಯ ಮೇಲೆ ಎಂದು ಅವರೇ ತಿಳಿಸಿದರು.

ಇಷ್ಟೂ ಸಾಲದೆಂಬಂತೆ, ಹಗ್ಗದ ಆಚೆ, ಟಿಕೆಟ್ಟೇ ಬೇಡದ ಸಾರ್ವಜನಿಕ ಮರಳಿನಲ್ಲಿ, ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಚರುಮುರಿ ಮಾರುವವರೊಬ್ಬರು ನಿಂತಿದ್ದರು. ಹಸಿವಾಗಿದ್ದ ತಂಗಿಗೆ ಹಗ್ಗದ ಮೇಲಿನಿಂದಲೇ ಎರಡು ಪೊಟ್ಟಣ ಕೊಟ್ಟು ಕೇಳಿದರು: ‘ಒಳಗೆ ಎಂತ ಉಂಟು ಮಾರಾಯ್ರೆ? ಈ ಡಂ ಡಂ ನಿನ್ನೆಯಿಂದ ಕೇಳಿ ಕೇಳಿ ನನಗೆ ಸಾಕಾಯ್ತು.’ ನಾನು ಉತ್ತರಿಸಲಿಲ್ಲ. ನಾನು ದುಡ್ಡು ಕೊಟ್ಟು ಕೇಳುತ್ತಿದ್ದುದನ್ನೇ ಅವರು ನಿನ್ನೆಯಿಂದ ಬೇಡವೆಂದರೂ ಕೇಳುತ್ತಿದ್ದರು. ಮೋಸ ಹೋದೆನೆಂದು ನನಗೆ ಪೂರ್ತಿಯಾಗಿ ಅರಿವಾದದ್ದು ಆಗ. ತಂಗಿ ಸ್ವಲ್ಪ ಹೊತ್ತಿನ ನಂತರ, ‘ಅಣ್ಣ, ಎಷ್ಟು ಕೊಟ್ಟದ್ದು ಅಂತ ಅಮ್ಮನಿಗೆ ಹೇಳುವುದು ಬೇಡ’ ಎಂದಳು.

ಪಾಸು ಮಾರಿದ ಸಂಖ್ಯೆಗೆ ಅಲ್ಲಿಂದಲೇ ಕರೆ ಮಾಡಿದೆ. ಮೂರನೆಯ ಸಲ ಎತ್ತಿದರು. ಆ ಸಂಭಾಷಣೆಯನ್ನು ನೆನಪಿದ್ದಷ್ಟು ಹಾಗೆಯೇ ಬರೆಯುತ್ತೇನೆ. ಗಾಯಕರು ಬರಲೇ ಇಲ್ಲವಲ್ಲ ಎಂದಾಗ, ‘ಸೌಂಡ್ ಚೆಕ್ ಆಯ್ತಲ್ಲ ಸರ್, ನೀವು ನೋಡಿದ್ರಲ್ಲ?’ ಎಂದರು. ಕಲಾವಿದರ ಸೌಂಡ್ ಚೆಕ್ ಎಂದು ಬರೆದಿದ್ದಿರಿ ಎಂದೆ. ‘ಕಲಾವಿದರ ತಂಡದ ಅಂತ ಬರೆದಿದ್ದೇವೆ ಸರ್. ಸೌಂಡ್ ಇಂಜಿನಿಯರ್ ಕೂಡ ತಂಡದವರೇ ಅಲ್ವಾ?’ ಎಂದರು. ತಂಡ! ಆ ಒಂದು ಪದವನ್ನು ಅಲ್ಲಿ ಯಾಕೆ ಸೇರಿಸಿದ್ದರೆಂದು ಆಗ ತಿಳಿಯಿತು. ಫೋಟೋ ಎಲ್ಲಿ ಎಂದು ಕೇಳಿದ್ದಕ್ಕೆ ‘ಶೋ ಆದ ಮೇಲೆ ನೋಡೋಣ’ ಎಂದರು. ಶೋ ಮುಗಿದ ಮೇಲೆ ಆ ಫೋನ್ ಸ್ವಿಚ್ ಆಫ್ ಆಗಿತ್ತು.

ರಾತ್ರಿಯ ಕಾರ್ಯಕ್ರಮದ ಬಗ್ಗೆಯೂ ಹೇಳಬೇಕು, ಏಕೆಂದರೆ ಹೆಚ್ಚು ಕೊಟ್ಟವರಿಗೇ ಅಲ್ಲಿ ಕೆಟ್ಟ ಸದ್ದು ಸಿಕ್ಕಿತು. ವೇದಿಕೆಯ ಎರಡೂ ಬದಿಗೆ ಎತ್ತರದಲ್ಲಿ ತೂಗುಹಾಕಿದ ಸ್ಪೀಕರ್ ಸಾಲುಗಳು ದೂರದ ಜನರನ್ನು ಮುಟ್ಟಲೆಂದು ಇರುವಂಥವು. ಮುಂದಿನ ಸಾಲಿನವರಿಗೆ ದನಿ ಕೇಳಿಸಬೇಕಾದರೆ ವೇದಿಕೆಯ ಅಂಚಿನಲ್ಲಿ ಚಿಕ್ಕ ಸ್ಪೀಕರುಗಳನ್ನು ಪ್ರತ್ಯೇಕವಾಗಿ ಇಡಬೇಕು. ಅಲ್ಲಿ ಒಂದನ್ನೂ ಇಟ್ಟಿರಲಿಲ್ಲ. ನೆಲದ ಮೇಲಿನ ದೊಡ್ಡ ಬೇಸ್ ಪೆಟ್ಟಿಗೆಗಳ ಬಾಯಿಗೇ ನಮ್ಮನ್ನು ನಿಲ್ಲಿಸಿದ್ದರಿಂದ ಎದೆ ನಡುಗಿತೇ ಹೊರತು ಹನ್ನೆರಡು ವರ್ಷ ಕಾದ ದನಿಯ ಒಂದು ಅಕ್ಷರವೂ ಸ್ಪಷ್ಟವಾಗಲಿಲ್ಲ. ಇದರ ಜೊತೆಗೆ ಗಾಳಿ. ಹಗಲಿನಲ್ಲಿ ಕಡಲಿನಿಂದ ನೆಲದ ಕಡೆಗೆ, ಅಂದರೆ ವೇದಿಕೆಯಿಂದ ಜನರ ಕಡೆಗೆ ಬೀಸುತ್ತಿದ್ದ ಗಾಳಿ ಕತ್ತಲಾದ ಮೇಲೆ ನಿಂತು, ನಿಧಾನವಾಗಿ ನೆಲದಿಂದ ಕಡಲಿಗೆ ತಿರುಗಿತು. ಎದುರುಗಾಳಿಯಲ್ಲಿ ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ. ಖಾಲಿ ಮರಳಿಗೆ ಹೊಂದಿಸಿದ ಸದ್ದು ಸಾವಿರಾರು ಜನ ತುಂಬಿದ ಮೇಲೆ ಹೇಗೂ ಬದಲಾಗುತ್ತದೆ. ಕನ್ಸೋಲಿನ ಬಳಿ ಕೂತು ಕೇಳುತ್ತಾ ತಿದ್ದುವ ಇಂಜಿನಿಯರಿಗೆ ಅಲ್ಲಿ ಚೆನ್ನಾಗಿ ಕೇಳಿಸುವಂತೆ ಅವರು ತಿದ್ದುತ್ತಾರೆ. ಆ ಸುತ್ತಮುತ್ತ, ಸುಮಾರು ನಲವತ್ತು ಮೀಟರ್ ಹಿಂದೆ, ನಮ್ಮೂರಿನ ಇಬ್ಬರು ಹುಡುಗರು 1,500 ರೂಪಾಯಿಯ ಟಿಕೆಟ್ಟಿನಲ್ಲಿ ನಿಂತು ಪ್ರತಿ ಪದವನ್ನೂ ಕೇಳಿದ್ದಾರೆ. ಅವರೇ ಹೇಳಿದ್ದು. ನಾನು ನಕ್ಕು ಸುಮ್ಮನಾದೆ.

ಗಾಯಕರು ವೇದಿಕೆಗೆ ಬಂದದ್ದು ಎಂಟೂ ಮುಕ್ಕಾಲಿಗೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ಅನುಮತಿ ಇಲ್ಲದಿದ್ದರೆ, ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸರಿಯಾಗಿ ಹತ್ತಕ್ಕೆ ಎಲ್ಲವೂ ನಿಂತಿತು. ಮೂರು ಗಂಟೆಗಳ ಕಾರ್ಯಕ್ರಮವೆಂದು ಜಾಹೀರಾತು ಮಾಡಿ, ಒಂದೂ ಕಾಲು ಗಂಟೆಯಲ್ಲಿ ಮುಗಿಸಿದರು. ನಿಯಮ ಆ ದಿನ ಹುಟ್ಟಿದ್ದಲ್ಲ, ಸಂಘಟಕರಿಗೆ ಅದು ಗೊತ್ತಿಲ್ಲದ್ದೂ ಅಲ್ಲ.

ಮರುದಿನದಿಂದ ಸಂಘಟಕರಿಂದ ಬಂದ ಉತ್ತರಗಳು ಹೀಗಿವೆ. ಮೊದಲನೆಯದು, ‘ಕಾರ್ಯಕ್ರಮದಲ್ಲಿ ಬದಲಾವಣೆಯ ಹಕ್ಕು ನಮಗಿದೆ’. ಎರಡನೆಯದು, ‘ಆ ಪಾಸನ್ನು ಮಾರಿದವರು ನಮ್ಮ ಅಧಿಕೃತ ಪ್ರತಿನಿಧಿಯಲ್ಲ’. ಹಾಗಾದರೆ ಗೇಟಿನಲ್ಲಿ ಅದೇ ಪಾಸು ನೋಡಿ ಒಳಗೆ ಬಿಟ್ಟವರು ಯಾರು ಎಂಬ ನನ್ನ ಪ್ರಶ್ನೆಗೆ ಇಂದಿನವರೆಗೂ ಉತ್ತರವಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಮೂರನೆಯದು ಬಂತು: ಮುಂದಿನ ಕಾರ್ಯಕ್ರಮಕ್ಕೆ ಶೇಕಡ 20 ರಿಯಾಯಿತಿಯ ಕೂಪನ್. ಮುಂದಿನ ಕಾರ್ಯಕ್ರಮಕ್ಕೆ!

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ವ್ಯಕ್ತಿಯ ಹೆಸರಿನ ಖಾತೆಗೆ ಹಣ ಹಾಕಬೇಡಿ. ಕಲಾವಿದರು ಎಷ್ಟು ಗಂಟೆಗೆ ಊರಿಗೆ ಬರುತ್ತಾರೆಂದು ಕೇಳಿ, ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಹಾಡು ಕೇಳಬೇಕೆಂದಿದ್ದರೆ ಸಾಮಾನ್ಯ ಟಿಕೆಟ್ ಕೊಂಡು ಕನ್ಸೋಲಿನ ಹತ್ತಿರ ನಿಲ್ಲಿ. ಈಗಾಗಲೇ ಮೋಸ ಹೋಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ, ಸಂಘಟಕರು ಬೆಂಗಳೂರಿನಲ್ಲಿದ್ದರೂ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ನಾನು ಆ ದೂರನ್ನೇ ಈಗ ಬರೆಯುತ್ತಿದ್ದೇನೆ, ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನನಗೆ ಕಳುಹಿಸಿದ ಮೂಲ ಪೋಸ್ಟರನ್ನು ಪಾಸು ಮಾರಿದವರು ಅಳಿಸಿಹಾಕಿದ್ದಾರೆ. ಹಣ ಹೋದದ್ದಕ್ಕೆ ಬ್ಯಾಂಕಿನ ದಾಖಲೆ ಇದೆ. ಪೋಸ್ಟರಿನದು ಮಾತ್ರ, ಪಾಸು ಕೊಂಡ ಖುಷಿಯಲ್ಲಿ ನಾನು ಸ್ಟೇಟಸ್‌ಗೆ ಹಾಕಿಕೊಂಡಿದ್ದ ಚಿತ್ರವೊಂದೇ ಉಳಿದಿದೆ. ಬೆಲೆ ಅಮ್ಮನ ಕಣ್ಣಿಗೆ ಬೀಳದಿರಲೆಂದು ಅದರ ಕೆಳಗಿನ ಅರ್ಧವನ್ನು ಕತ್ತರಿಸಿ ಹಾಕಿದ್ದೆ, ಬೆಲೆಯ ಜೊತೆಗೆ ‘ಗಾಯಕರೊಂದಿಗೆ ಇಪ್ಪತ್ತು ನಿಮಿಷ’ ಎಂಬ ಸಾಲೂ ಹೋಗಿದೆ. ಉಳಿದಿರುವುದು ‘ಕಲಾವಿದರ ತಂಡದ’ ಎಂಬ ದಪ್ಪ ಅಕ್ಷರಗಳು ಮಾತ್ರ. ಅಂದು ಹಗ್ಗದ ಈಚೆ ನನ್ನ ಜೊತೆ ನಿಂತಿದ್ದವರಲ್ಲಿ ಯಾರ ಬಳಿಯಾದರೂ ಪೂರ್ತಿ ಪೋಸ್ಟರಿನ ಪ್ರತಿ ಇದ್ದರೆ ದಯವಿಟ್ಟು ನನಗೆ ಕಳುಹಿಸಿ.