ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ನಲ್ಲಿ ಡೆಬಿಯನ್ ಸರ್ವರ್: 12ರಿಂದ 13ರವರೆಗಿನ ಬಳಕೆಯ ಅನುಭವ

ವಿಜಯಪುರದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ತಿಕೋಟಾ, ಬಬಲೇಶ್ವರ ಕಡೆಯ ಬೆಳೆಗಾರರು ಬೇಸಿಗೆಯಲ್ಲಿ ಶೆಡ್‌ಗಳಲ್ಲಿ ದ್ರಾಕ್ಷಿ ಒಣಗಿಸಿ, ಬಾಕ್ಸ್ ತುಂಬಿ, ಗಾಡಿ ಹೇರಿ ತರುತ್ತಾರೆ. ತೂಕ, ಗ್ರೇಡು, ಚೇಂಬರ್ ನಂಬರು, ರೈತರ ಹೆಸರು ಎಲ್ಲವೂ ಆಫೀಸಿನ ಒಂದೇ ಸರ್ವರ್‌ಗೆ ಸೇರಿ ಅಲ್ಲಿಂದ ಕನ್ನಡದಲ್ಲಿ ಪಾವತಿ (ರಶೀದಿ) ಹೊರಬರುತ್ತದೆ. ಹಂಗಾಮಿನಲ್ಲಿ ಆ ಸರ್ವರ್ ಅರ್ಧ ಗಂಟೆ ನಿಂತರೆ ಗೇಟಿನ ಹೊರಗೆ ಗಾಡಿಗಳ ಸಾಲು ರಸ್ತೆಗೆ ಬರುತ್ತದೆ. ಅದಕ್ಕೆ 2024ರ ಜೂನ್‌ನಲ್ಲಿ ಡೆಬಿಯನ್ ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 12ನೆಯ ಆವೃತ್ತಿ ಹಾಕಿದೆ, 2025ರ ದೀಪಾವಳಿ ಮುಗಿದ ಮೇಲೆ 13ಕ್ಕೆ ಏರಿಸಿದೆ. ಹಾಕಿದ ವಾರದಲ್ಲೇ ಎಲ್ಲ ಆಪರೇಟಿಂಗ್ ಸಿಸ್ಟಂಗಳೂ ಚೆನ್ನಾಗಿಯೇ ಕಾಣುತ್ತವೆ. ಒಂದು ಪೂರ್ತಿ ಹಂಗಾಮು, ಒಂದು ದೊಡ್ಡ ಅಪ್‌ಗ್ರೇಡ್ ಕಳೆದ ಮೇಲೆ ನಾನು ಹೇಳುವುದು ಇಷ್ಟು: ಡೆಬಿಯನ್ ಇನ್‌ಸ್ಟಾಲ್ ಮಾಡುವ ಹೊತ್ತಿಗೆ ನಮ್ಮಿಂದ ಬಹಳ ಕೆಲಸ ತೆಗೆಯುತ್ತದೆ, ಆ ಕೆಲಸ ಕೊಟ್ಟರೆ ಆಮೇಲೆ ನಮ್ಮನ್ನು ಕರೆಯುವುದೇ ಇಲ್ಲ.

ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಸೆಂಟ್‌ಓಎಸ್ 7, ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್‌ನ ಉಚಿತ ರೂಪ. ಅದಕ್ಕೆ ಬರುವ ಅಪ್‌ಡೇಟ್‌ಗಳು 2024ರ ಜೂನ್ 30ಕ್ಕೆ ನಿಲ್ಲುವುದಿತ್ತು. ಸೆಂಟ್‌ಓಎಸ್ 8 ಇನ್ನೂ ಮೊದಲೇ, 2021ರ ಡಿಸೆಂಬರ್‌ಗೆ ಮುಗಿದಿತ್ತು. ಹಾಗಾಗಿ ಸೆಂಟ್‌ಓಎಸ್‌ನಲ್ಲೇ ನೇರವಾದ ಮುಂದಿನ ಮೆಟ್ಟಿಲು ಇರಲಿಲ್ಲ. ಮಾಲೀಕರಿಗೆ ಇದು ಒಪ್ಪಿಗೆಯಾಗಲಿಲ್ಲ. "ನಡ್ಯಾಕತ್ತದಲ್ರಿ, ಮತ್ಯಾಕ ಅದನ್ನ ಕೆದಕತೀರಿ?" ಅಂದರು. "ಸಾಹುಕಾರ್ರ, ನಡ್ಯಾಕತ್ತದ ಖರೇ. ಆದ್ರ ಇನ್ನ ಮುಂದ ಕೀಲಿ ಕೆಟ್ರ ಮಾಡಿಕೊಡಾವ್ರು ಯಾರೂ ಇಲ್ಲ, ಕಳ್ಳರಿಗೆ ಮಾತ್ರ ಅದು ಕೆಟ್ಟದ್ದು ಗೊತ್ತಿರ್ತದ" ಅಂದೆ. ಹಂಗಾಮು ಮುಗಿದು ಮಳೆ ಹಿಡಿಯುವ ಮುಂಚಿನ ಆ ಬಿಡುವಿನಲ್ಲಿ ಕೆಲಸ ಮುಗಿಸಲು ಒಪ್ಪಿದರು.

ಸೆಂಟ್‌ಓಎಸ್ ಜಾಗಕ್ಕೆ ಬಂದ, ರೆಡ್ ಹ್ಯಾಟ್‌ಗೆ ಹೊಂದುವ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಒಳ್ಳೆಯ ಆಯ್ಕೆಗಳೇ. ಒಂದೊಂದು ಆವೃತ್ತಿಗೆ ಸುಮಾರು 10 ವರ್ಷ ಅಪ್‌ಡೇಟ್ ಸಿಗುತ್ತದೆ. ಡೆಬಿಯನ್‌ಗೆ ಸಿಗುವುದು 3 ವರ್ಷ ಪೂರ್ತಿ ಬೆಂಬಲ, ಮೇಲೆ 2 ವರ್ಷ ಎಲ್‌ಟಿಎಸ್ (ದೀರ್ಘಾವಧಿಯ ಬೆಂಬಲ). ಆದರೂ ನಾನು ಡೆಬಿಯನ್ ಕಡೆ ವಾಲಿದ್ದು ಹಾರ್ಡ್‌ವೇರ್ ನೋಡಿ. ನಮ್ಮ ಕಡೆಯ ಸಣ್ಣ ಆಫೀಸುಗಳಲ್ಲಿ ಸರ್ವರ್ ಎಂದರೆ ಹೆಚ್ಚಾಗಿ ಬೆಂಗಳೂರು, ಪುಣೆಯಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರ. ರೆಡ್ ಹ್ಯಾಟ್ 10 ಓಡಲು ಎವಿಎಕ್ಸ್2 ಸೌಲಭ್ಯವಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಅದು 2013ರ ಹ್ಯಾಸ್‌ವೆಲ್‌ನಿಂದ ಈಚೆಗೆ ಬಂದದ್ದು. ಡೆಬಿಯನ್‌ಗೆ ಅಂಥ ಶರತ್ತಿಲ್ಲ, ಹಳೆಯ 64 ಬಿಟ್ ಯಂತ್ರದಲ್ಲೂ ತಕರಾರಿಲ್ಲದೆ ಓಡುತ್ತದೆ. ಯಂತ್ರ ಗಟ್ಟಿಯಾಗಿರುವಾಗ ಸಾಫ್ಟ್‌ವೇರ್ ಕಾರಣಕ್ಕೆ ಅದನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಇನ್‌ಸ್ಟಾಲ್ ವಿಷಯಕ್ಕೆ ಬರೋಣ. ಡೆಬಿಯನ್ 12ರಲ್ಲಿ ಆದ ದೊಡ್ಡ ಸುಧಾರಣೆ ಫರ್ಮ್‌ವೇರ್‌ನದು, ಅಂದರೆ ಯಂತ್ರದ ಬಿಡಿಭಾಗಗಳನ್ನು ನಡೆಸುವ ಸಣ್ಣ ಸಾಫ್ಟ್‌ವೇರ್‌ನದು. ಮೊದಲು ಬ್ರಾಡ್‌ಕಾಮ್‌ನಂಥ ಕೆಲವು ನೆಟ್‌ವರ್ಕ್ ಕಾರ್ಡ್‌ಗಳಿಗೆ ಬೇಕಾದ ಕಡತಗಳು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇರುತ್ತಿರಲಿಲ್ಲ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಹೊಂದಿಸಿಕೊಡಬೇಕಿತ್ತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಆ ನಿಯಮ ಬದಲಿಸಿದರು. ನಾನು ಹಾಕಿದ ಯಂತ್ರದಲ್ಲಿ ಎರಡೂ ನೆಟ್‌ವರ್ಕ್ ಪೋರ್ಟ್‌ಗಳು ಕೇಳದೆಯೇ ಎದ್ದು ಕೂತವು.

ಗ್ರಾಫಿಕಲ್ ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದನ್ನು ಕಂಡು ಖುಷಿಯಾಗುತ್ತದೆ, ಆದರೆ ಸರ್ವರ್‌ಗೆ ಅದನ್ನು ಆರಿಸಬೇಡಿ ಎಂದೇ ಹೇಳುತ್ತೇನೆ. ಲಿನಕ್ಸ್‌ನ ಕಪ್ಪು ಕನ್ಸೋಲ್ ಪರದೆಗೆ ಕನ್ನಡ ಮೂಡಿಸಲು ಬರುವುದಿಲ್ಲ. ನಡುರಾತ್ರಿ ಸರ್ವರ್ ಎದ್ದೇಳದಿದ್ದಾಗ ಪರದೆಯ ಮೇಲಿನ ಸಂದೇಶವನ್ನೇ ಓದಲಾಗದಿದ್ದರೆ ಕಷ್ಟ. ಇನ್‌ಸ್ಟಾಲ್ ಇಂಗ್ಲಿಷಿನಲ್ಲಿ ಮಾಡಿ, ದೇಶ ಭಾರತ ಎಂದು ಕೊಡಿ, ಕನ್ನಡದ ಲೊಕೇಲ್ (ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್) ಅನ್ನು ಆಮೇಲೆ ಸೇರಿಸಿಕೊಳ್ಳಿ. ರೂಟ್ ಪಾಸ್‌ವರ್ಡ್ ಕೇಳಿದಲ್ಲಿ ಖಾಲಿ ಬಿಟ್ಟರೆ ಮೊದಲ ಬಳಕೆದಾರನಿಗೆ ಸುಡೋ ಹಕ್ಕು, ಅಂದರೆ ಆಡಳಿತದ ಅಧಿಕಾರ, ತಾನಾಗಿ ಸಿಗುತ್ತದೆ. ನನಗೆ ಅದೇ ಒಳ್ಳೆಯದೆನಿಸುತ್ತದೆ. ಕೊನೆಯಲ್ಲಿ ಬರುವ ಸಾಫ್ಟ್‌ವೇರ್ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಗುರುತುಗಳನ್ನೆಲ್ಲ ತೆಗೆದು ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಮತ್ತು ಸ್ಟ್ಯಾಂಡರ್ಡ್ ಯುಟಿಲಿಟಿ ಮಾತ್ರ ಇಟ್ಟುಕೊಳ್ಳಿ.

ಡಿಸ್ಕ್ ಹಂತದಲ್ಲಿ ಮಾತ್ರ ಅವಸರ ಬೇಡ. ಎರಡು ಡಿಸ್ಕ್‌ಗಳನ್ನು ಎರಡರಲ್ಲೂ ಒಂದೇ ಡೇಟಾ ಇರುವಂತೆ ರೇಡ್ 1 ಆಗಿ ಜೋಡಿಸಿ, ಒಂದು ಹೋದರೂ ಇನ್ನೊಂದರಲ್ಲಿ ನಡೆಯಲಿ ಎಂಬುದು ನಮ್ಮ ಲೆಕ್ಕ. ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ರೇಡ್ ಕೈಯಾರೆ ಮಾಡಬೇಕು, ಅದು ಹಳೆಯ ಕಾಲದ ಮೆನು. ಆದರೂ ಕೆಲಸ ಚೊಕ್ಕ. ತೊಂದರೆ ಇರುವುದು ಬೂಟ್ ಪಾರ್ಟಿಷನ್‌ನಲ್ಲಿ. ಯುಇಎಫ್‌ಐ ಇರುವ ಈಚಿನ ಯಂತ್ರಗಳಲ್ಲಿ, ಸಿಸ್ಟಂ ಅನ್ನು ಎಬ್ಬಿಸುವ ಬೂಟ್ ಲೋಡರ್ ಕೂರುವ ಇಎಸ್‌ಪಿ ಪಾರ್ಟಿಷನ್ ರೇಡ್‌ಗೆ ಸೇರುವುದಿಲ್ಲ, ಇನ್‌ಸ್ಟಾಲರ್ ಅದನ್ನು ಒಂದೇ ಡಿಸ್ಕ್ ಮೇಲೆ ಬರೆಯುತ್ತದೆ. ಆ ಡಿಸ್ಕೇ ಸತ್ತರೆ ಡೇಟಾ ಎಲ್ಲ ಇನ್ನೊಂದರಲ್ಲಿ ಕ್ಷೇಮ, ಆದರೆ ಯಂತ್ರ ಏಳುವುದಿಲ್ಲ. ಇದನ್ನು ಇನ್‌ಸ್ಟಾಲರ್ ಎಲ್ಲಿಯೂ ಎಚ್ಚರಿಸುವುದಿಲ್ಲ. ಇಷ್ಟು ಪಳಗಿದ ವ್ಯವಸ್ಥೆಯಲ್ಲಿ ಈ ಕೊರತೆ ಇನ್ನೂ ಉಳಿದಿರುವುದು ಬೇಸರದ ಸಂಗತಿ. ಎರಡೂ ಡಿಸ್ಕ್‌ಗಳಲ್ಲಿ ಒಂದೇ ಅಳತೆಯ ಇಎಸ್‌ಪಿ ಮಾಡಿಟ್ಟು, ಇನ್‌ಸ್ಟಾಲ್ ಮುಗಿದ ಮೇಲೆ ಮೊದಲನೆಯದನ್ನು ಎರಡನೆಯದಕ್ಕೆ ಡಿಡಿ ಕಮಾಂಡಿನಿಂದ ಬಿಟ್‌ಗೆ ಬಿಟ್ ನಕಲು ಮಾಡಬೇಕು. ಆಗ ಎರಡಕ್ಕೂ ಒಂದೇ ಗುರುತು ಸಂಖ್ಯೆ ಇರುವುದರಿಂದ ಮೌಂಟ್ ಆಗಲು ಅಡ್ಡಿಯಿಲ್ಲ. ಇಎಫ್‌ಐ ಬೂಟ್ ಮ್ಯಾನೇಜರ್‌ನಲ್ಲಿ ಎರಡನೆಯ ಡಿಸ್ಕ್‌ಗೂ ಒಂದು ನಮೂದು ಸೇರಿಸಬೇಕು. ಗ್ರಬ್‌ಗೆ (ಅದೇ ಆ ಬೂಟ್ ಲೋಡರ್) ಅಪ್‌ಡೇಟ್ ಬಂದಾಗ ನಕಲನ್ನೂ ಹೊಸದಾಗಿಸಬೇಕು. ಇಷ್ಟೆಲ್ಲ ಆದ ಮೇಲೆ ಮೊದಲ ಡಿಸ್ಕ್‌ನ ಕೇಬಲ್ ತೆಗೆದು ಯಂತ್ರ ಆನ್ ಮಾಡಿದೆ. ಸ್ವಲ್ಪ ಹೊತ್ತು ಪರದೆ ಕಪ್ಪಾಗಿದ್ದು, ಆಮೇಲೆ ಲಾಗಿನ್ ಬಂತು. ರೇಡ್ ಒಂದೇ ಕಾಲಿನಲ್ಲಿ ನಿಂತಿದೆ ಎಂಬ ಸೂಚನೆ ಕಾಣಿಸಿತು. ಈ ಪರೀಕ್ಷೆ ಮಾಡದೆ ಯಾವ ಸರ್ವರನ್ನೂ ಬಳಕೆಗೆ ಬಿಡಬೇಡಿ.

ಇನ್ನು ಕರೆಂಟು. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದು ಹೊಸದಲ್ಲ. ಚೇಂಬರ್‌ಗಳಿಗೆ ಜನರೇಟರ್ ಇದೆ, ಆದರೆ ಅದು ಹೊತ್ತಿಕೊಳ್ಳುವವರೆಗೆ ಸರ್ವರ್ ಯುಪಿಎಸ್ ಮೇಲೆಯೇ ನಿಲ್ಲಬೇಕು. ಡೆಬಿಯನ್‌ನಲ್ಲಿ ಇದಕ್ಕೆ ನಟ್ ಎಂಬ ಪ್ಯಾಕೇಜ್ ಇದೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬುದರ ಮೊಟಕು. ಸಾದಾ ಯುಎಸ್‌ಬಿ ಯುಪಿಎಸ್‌ಗಳಲ್ಲಿ ಬಹಳಷ್ಟು ಮೆಗಾಟೆಕ್ ಎಂಬ ಹಳೆಯ ಪ್ರೋಟೋಕಾಲ್ ಮಾತಾಡುತ್ತವೆ. ಅವುಗಳಿಗೆ ನಟ್‌ನ ಕ್ಯೂಎಕ್ಸ್ ಡ್ರೈವರ್ ಹೊಂದುತ್ತದೆ. ಆದರೆ ಇಂಥ ಯುಪಿಎಸ್ ಬ್ಯಾಟರಿ ಎಷ್ಟು ಉಳಿದಿದೆ ಎಂದು ನೆಟ್ಟಗೆ ಹೇಳುವುದಿಲ್ಲ, ಇನ್ನೇನು ಮುಗಿಯಿತು ಎನ್ನುವಾಗ ಕೂಗುತ್ತದೆ. ಅದರ ಕೂಗಿಗೆ ಕಾಯುವ ಬದಲು ಸಮಯ ಗೊತ್ತುಮಾಡುವುದು ಮೇಲು. ನಾನು ಹಾಕಿದ್ದು 5 ನಿಮಿಷದ ಟೈಮರ್. ಅಷ್ಟರಲ್ಲಿ ಜನರೇಟರ್ ಬಾರದಿದ್ದರೆ ಸರ್ವರ್ ಡೇಟಾಬೇಸ್ ಮುಚ್ಚಿ ತಾನೇ ಶಟ್‌ಡೌನ್ ಆಗುತ್ತದೆ.

ಮತ್ತೆ ಏಳುವುದೂ ಅಷ್ಟೇ ಮುಖ್ಯ. ಬಯಾಸ್‌ನಲ್ಲಿ ಕರೆಂಟು ಬಂದೊಡನೆ ಆನ್ ಆಗು ಎಂಬ ಸೆಟ್ಟಿಂಗ್ ಇರುತ್ತದೆ. ಆದರೆ ಸರ್ವರ್ ಶಟ್‌ಡೌನ್ ಆದ ಕ್ಷಣಕ್ಕೆ ಸರಿಯಾಗಿ ಕರೆಂಟು ಬಂದರೆ ಯಂತ್ರದ ಪಾಲಿಗೆ ಕರೆಂಟು ಹೋದದ್ದೇ ಇಲ್ಲ, ಏಕೆಂದರೆ ಯುಪಿಎಸ್ ಕೊಡುತ್ತಲೇ ಇತ್ತು. ಹಾಗಾಗಿ ಅದು ಮಲಗಿಯೇ ಇರುತ್ತದೆ. ನಟ್‌ಗೆ ಇದಕ್ಕೂ ಉಪಾಯ ಗೊತ್ತು: ಶಟ್‌ಡೌನ್‌ನ ಕಟ್ಟಕಡೆಯಲ್ಲಿ ಯುಪಿಎಸ್‌ಗೇ ಔಟ್‌ಪುಟ್ ಕಡಿದು ಮತ್ತೆ ಕೊಡು ಎಂದು ಆಜ್ಞೆ ಕಳಿಸುತ್ತದೆ. ಇದನ್ನು ಹೊಂದಿಸಿದ ಮೇಲೆ ಬೆಳಿಗ್ಗೆ ಗೇಟು ತೆರೆಯುವ ಹುಡುಗ ಸರ್ವರ್ ಕೋಣೆಯ ಕಡೆ ನೋಡುವ ಅಗತ್ಯವೇ ಬಿದ್ದಿಲ್ಲ.

ಕನ್ನಡದ ವಿಷಯ ಹೇಳದಿದ್ದರೆ ಈ ವಿಮರ್ಶೆ ನಮ್ಮವರಿಗೆ ಉಪಯೋಗವಿಲ್ಲ. ಮೊದಲನೆಯದು, ಸರ್ವರ್ ಇನ್‌ಸ್ಟಾಲ್‌ನಲ್ಲಿ ಕನ್ನಡ ಫಾಂಟ್ ಒಂದೂ ಇರುವುದಿಲ್ಲ. ಪಾವತಿಯ ಪಿಡಿಎಫ್ ತೆಗೆದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಂತಿರುತ್ತವೆ. ನೋಟೋ ಫಾಂಟ್‌ಗಳ ಪ್ಯಾಕೇಜ್, ಅಥವಾ ಗುಬ್ಬಿ, ನವಿಲು ಫಾಂಟ್‌ಗಳಿರುವ ಕನ್ನಡ ಪ್ಯಾಕೇಜ್ ಹಾಕಿದರೆ ಸಾಕು. ಪಿಡಿಎಫ್ ಮಾಡಲು ವೀಸಿಪ್ರಿಂಟ್ ಬಳಸಿದೆ. ಅದು ಪ್ಯಾಂಗೋ ಮೂಲಕ ಅಕ್ಷರ ಜೋಡಿಸುವುದರಿಂದ ಒತ್ತಕ್ಷರಗಳು ಒಡೆಯುವುದಿಲ್ಲ. ಮಲ್ಲಿಕಾರ್ಜುನ ಎಂಬ ಹೆಸರಿನಲ್ಲಿ ಲ ಒತ್ತು ಕೆಳಗೆ, ಅರ್ಕಾವೊತ್ತು ಪಕ್ಕಕ್ಕೆ, ತನ್ನ ತನ್ನ ಜಾಗದಲ್ಲಿ ಕೂತಿದೆ. ತಮ್ಮ ಹೆಸರನ್ನು ಸರಿಯಾಗಿ ಬರೆದ ಪಾವತಿ ಸಿಗುವುದು ರೈತರ ಹಕ್ಕು ಎಂದು ನಾನು ತಿಳಿದಿದ್ದೇನೆ.

ಎರಡನೆಯದು, ಹೆಸರುಗಳ ಅಕಾರಾದಿ. ಡೇಟಾಬೇಸ್ ಅನ್ನು ಬರೀ ಸಿ ಲೊಕೇಲ್‌ನಲ್ಲಿ ಮಾಡಿದರೆ ಅದು ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಳ ಇರುವುದು ಲ ಪಕ್ಕದಲ್ಲೇ, ವ ಬರುವುದಕ್ಕೂ ಮೊದಲು. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಹಾಗಾಗಿ ಮಳಸಿದ್ದಪ್ಪ ಎಂಬ ಹೆಸರು ಮಹಾದೇವನಿಗಿಂತ ಮೇಲೆ ಹೋಗಿ ಕೂರುತ್ತದೆ, ಪಟ್ಟಿಯಲ್ಲಿ ಕೆಳಗೆ ಹುಡುಕುವ ಗುಮಾಸ್ತರಿಗೆ ಸಿಗುವುದಿಲ್ಲ. ಡೆಬಿಯನ್ 12ರ ಜೊತೆ ಬರುವ ಪೋಸ್ಟ್‌ಗ್ರೆಸ್ 15 ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಇಡೀ ಡೇಟಾಬೇಸ್‌ಗೇ ಐಸಿಯು (ಭಾಷೆಗಳ ಅಕ್ಷರಕ್ರಮ ತಿಳಿದ ಲೈಬ್ರರಿ) ಲೊಕೇಲ್ ಕೊಡುವ ಸೌಲಭ್ಯ ಹೊಸದಾಗಿ ಬಂದಿದೆ. ಡೇಟಾಬೇಸ್ ರಚಿಸುವಾಗಲೇ ಕನ್ನಡದ ಐಸಿಯು ಲೊಕೇಲ್ ಕೊಟ್ಟರೆ ಪಟ್ಟಿ ನಮ್ಮ ಕ್ರಮದಲ್ಲೇ ಬರುತ್ತದೆ. ಆಮೇಲೆ ಬದಲಿಸುತ್ತೇನೆಂದರೆ ಡಂಪ್ (ಪೂರ್ತಿ ಡೇಟಾದ ನಕಲು ಕಡತ) ತೆಗೆದು ಹೊಸ ಡೇಟಾಬೇಸ್‌ಗೆ ತುಂಬುವುದೇ ದಾರಿ.

ಲಾಗ್‌ಗಳ ಬಗ್ಗೆ ಒಂದು ಮಾತು. ಡೆಬಿಯನ್ 12ರಿಂದ ಲಾಗ್ ಕಡತ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಎಲ್ಲವೂ ಸಿಸ್ಟಂಡಿ ಜರ್ನಲ್‌ನಲ್ಲಿ. ಪಾಸ್‌ವರ್ಡ್ ಊಹಿಸಿ ನುಗ್ಗಲು ನೋಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಅನ್ನು ಹಳೆಯ ರೂಢಿಯಂತೆ ಹಾಕಿದರೆ ಅದು ಲಾಗಿನ್ ಲಾಗ್ ಕಡತ ಸಿಗದೆ ಶುರುವೇ ಆಗುವುದಿಲ್ಲ. ಅದರ ಬ್ಯಾಕೆಂಡ್ ಅನ್ನು ಸಿಸ್ಟಂಡಿ ಎಂದು ಬದಲಿಸಬೇಕು. ಫೈರ್‌ವಾಲ್ ಕೂಡ ನಾವೇ ಶುರುಮಾಡಬೇಕು. ಯಾರೂ ಎದುರಿಗೆ ಕೂರದೆಯೇ ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಳ್ಳುವ ಪ್ಯಾಕೇಜ್ ಹಾಕಿ, ತಾನಾಗಿ ರೀಬೂಟ್ ಆಗುವುದನ್ನು ಮಾತ್ರ ಬಂದ್ ಇಟ್ಟಿದ್ದೇನೆ. ಹಂಗಾಮಿನ ನಡುವೆಯೂ ಅಪ್‌ಡೇಟ್‌ಗಳು ಬಂದವು, ಪಾವತಿ ಕೊಡುವ ಕೆಲಸ ಒಮ್ಮೆಯೂ ಕೆಡಲಿಲ್ಲ. ಸ್ಟೇಬಲ್ ಎಂಬ ಹೆಸರಿಗೆ ತಕ್ಕಂತೆ ಆವೃತ್ತಿಗಳನ್ನು ಹಾಗೇ ಇಟ್ಟು ದೋಷ ಮಾತ್ರ ತಿದ್ದುವ ಪದ್ಧತಿ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ಕ್ಕೆ. ಕೂಡಲೇ ಹೋಗಲಿಲ್ಲ, ಸೆಪ್ಟೆಂಬರ್‌ನಲ್ಲಿ 13.1 ಬಂತು, ದೀಪಾವಳಿಯ ಪೂಜೆ, ವಹಿವಾಟು ಎಲ್ಲ ಮುಗಿಯಿತು, ಆಮೇಲೆ ಕೈ ಹಾಕಿದೆ. ಮೊದಲು ಬಿಡುಗಡೆ ಟಿಪ್ಪಣಿ ಪೂರ್ತಿ ಓದಿ. ಡೆಬಿಯನ್‌ನ ನಿಜವಾದ ಬೆಲೆ ಇರುವುದೇ ಆ ಟಿಪ್ಪಣಿಯಲ್ಲಿ, ಯಾವುದು ಮುರಿಯಬಹುದು ಎಂಬುದನ್ನು ಅಷ್ಟು ಪ್ರಾಮಾಣಿಕವಾಗಿ ಬರೆದಿರುತ್ತಾರೆ. 13ರಲ್ಲಿ ಟೆಂಪ್ ಫೋಲ್ಡರ್ ಡಿಸ್ಕ್ ಬಿಟ್ಟು ರ‍್ಯಾಮ್‌ಗೆ ಹೋಗಿದೆ, ರ‍್ಯಾಮ್‌ನ ಅರ್ಧದವರೆಗೆ ಬಳಸುತ್ತದೆ. ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ದೊಡ್ಡ ಡಂಪ್ ಅನ್ನು ಅಲ್ಲಿ ಬರೆಯುತ್ತಿದ್ದರೆ ಜಾಗ ಬದಲಿಸಬೇಕು. ಟಿಪ್ಪಣಿ ಓದಿದ್ದರಿಂದ ಅಪ್‌ಗ್ರೇಡ್‌ಗೆ ಮುಂಚೆಯೇ ಬದಲಿಸಿದೆ. ಇನ್ನೊಂದು, ಐಸಿಯು ಲೈಬ್ರರಿಯ ಆವೃತ್ತಿ ಬದಲಾಗುವುದರಿಂದ ಹಳೆಯ ಪೋಸ್ಟ್‌ಗ್ರೆಸ್ ಇಂಡೆಕ್ಸ್‌ಗಳ ಕ್ರಮ ತಪ್ಪುವ ಅಪಾಯವಿದೆ, ಕೊಲೇಶನ್ (ಅಕ್ಷರಕ್ರಮದ) ಆವೃತ್ತಿ ಹೊಂದುವುದಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಅಪ್‌ಗ್ರೇಡ್‌ಗೆ ಮೊದಲೇ ಡಂಪ್ ತೆಗೆದಿಟ್ಟು, 13ರ ಜೊತೆ ಬರುವ ಪೋಸ್ಟ್‌ಗ್ರೆಸ್ 17ಕ್ಕೆ ಅದನ್ನು ತುಂಬಿದರೆ ಇಂಡೆಕ್ಸ್‌ಗಳೆಲ್ಲ ಹೊಸದಾಗಿ ಹುಟ್ಟುತ್ತವೆ. ಉಳಿದದ್ದು ಸೋರ್ಸ್ ಪಟ್ಟಿಯಲ್ಲಿ ಬುಕ್‌ವರ್ಮ್ (12ರ ಹೆಸರು) ಇದ್ದಲ್ಲಿ ಟ್ರಿಕ್ಸಿ (13ರ ಹೆಸರು) ಎಂದು ಬರೆದು ಪ್ಯಾಕೇಜ್ ಹಾಕುವ ಆಪ್ಟ್‌ಗೆ ಕೆಲಸ ಒಪ್ಪಿಸುವುದು. ದೂರದಿಂದ ಮಾಡುವವರು ಟಿಮಕ್ಸ್ ಒಳಗೆ ಕೂತು ಮಾಡಿ, ಲೈನು ಕಡಿದರೂ ಕೆಲಸ ನಿಲ್ಲುವುದಿಲ್ಲ.

ಡೆಬಿಯನ್ ಎಲ್ಲರಿಗೂ ಅಲ್ಲ. ಇದರ ಹಿಂದೆ ಕಂಪನಿ ಇಲ್ಲ, ಹಾಗಾಗಿ ಫೋನ್ ಮಾಡಿ ಕೇಳಲು ಅಧಿಕೃತ ಸಹಾಯವಾಣಿಯೂ ಇಲ್ಲ. ನಿಮ್ಮ ಅಕೌಂಟಿಂಗ್ ಅಥವಾ ಬ್ಯಾಂಕಿಂಗ್ ಸಾಫ್ಟ್‌ವೇರ್ ಕೊಟ್ಟವರು ರೆಡ್ ಹ್ಯಾಟ್ ಮೇಲೆ ಮಾತ್ರ ಬೆಂಬಲ ಎಂದರೆ ಜಗ್ಗಾಡಬೇಡಿ, ಆಲ್ಮಾ ಅಥವಾ ರಾಕಿ ಹಾಕಿ. ಎರಡು ಮೂರು ವರ್ಷಕ್ಕೊಮ್ಮೆ ಅಪ್‌ಗ್ರೇಡ್‌ಗೆ ಕೂರುವ ಮನುಷ್ಯ ಊರಲ್ಲಿ ಇಲ್ಲದಿದ್ದರೂ ಹಾಗೇ ಮಾಡಿ. ಅಂಥವರು ಇದ್ದರೆ, ಸ್ವಂತ ಸಾಫ್ಟ್‌ವೇರ್, ಹಳೆಯ ಯಂತ್ರ, ಕನ್ನಡದ ಡೇಟಾ ಇದ್ದರೆ ಡೆಬಿಯನ್‌ಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. 12ರಲ್ಲೇ ಇರುವವರಿಗೆ ಪೂರ್ತಿ ಬೆಂಬಲ 2026ರ ಜೂನ್‌ವರೆಗೆ, ಎಲ್‌ಟಿಎಸ್ 2028ರ ಜೂನ್‌ವರೆಗೆ. ದ್ರಾಕ್ಷಿ, ಕಬ್ಬು, ಶಾಲೆ, ಯಾವುದೇ ಹಂಗಾಮು ನಿಮ್ಮದಾಗಿರಲಿ, ಅದು ಮುಗಿದ ಬಿಡುವಿನಲ್ಲಿ 13ಕ್ಕೆ ಹೋಗಿ. ಹೋಗುವ ಮುನ್ನ ಡಂಪ್ ಅನ್ನು ಬೇರೆ ಯಂತ್ರದಲ್ಲಿ ಒಮ್ಮೆ ತುಂಬಿ, ಒಂದು ಪಾವತಿ ಪ್ರಿಂಟ್ ತೆಗೆದು ನೋಡಿ.