ಹೋಮ್‌ಸ್ಟೇ ಜಾಲತಾಣ ನಿರ್ಮಾಣ ಸೇವೆ: ಮುಖಪುಟಕ್ಕೆ ಮೆಚ್ಚುಗೆ, ಒಳಪುಟಗಳಿಗೆ ಆಕ್ಷೇಪ

ಆಲ್ದೂರಿನ ಬಳಿ ಇರುವ ನಮ್ಮ ಹೋಮ್‌ಸ್ಟೇಗೆ ಚಿಕ್ಕಮಗಳೂರು ನಗರದ ಒಂದು ಸಣ್ಣ ಸಂಸ್ಥೆಯಿಂದ ಜಾಲತಾಣ ಮಾಡಿಸಿದೆವು. ಬಣ್ಣ, ಚಿತ್ರಗಳ ಜೋಡಣೆ ಎಲ್ಲವೂ ಚೆನ್ನಾಗಿವೆ. ಈ ವಿಮರ್ಶೆ ಪುಟದ ಒಳಗಿನ ಕೆಲಸವನ್ನು ಕುರಿತದ್ದು. ಹಣ ಕೊಡುವವರು ಸಾಮಾನ್ಯವಾಗಿ ಅದನ್ನು ತೆರೆದು ನೋಡುವುದಿಲ್ಲ.

ಮುಖಪುಟದ ವಿನ್ಯಾಸ ನಿಯಮಗಳನ್ನು ಅವರು ಪ್ರತ್ಯೇಕ ಸಿಎಸ್‌ಎಸ್ (ಬಣ್ಣ, ಅಳತೆ, ಜೋಡಣೆಯ ನಿಯಮಗಳನ್ನು ಬರೆಯುವ ಭಾಷೆ) ಫೈಲಿನಲ್ಲಿ ಇಡದೆ, ಪುಟವನ್ನು ಕಟ್ಟುವ ಎಚ್‌ಟಿಎಂಎಲ್ ಬರಹದ ಆರಂಭದ ಹೆಡ್ ಭಾಗದಲ್ಲಿ ಸ್ಟೈಲ್ ಟ್ಯಾಗ್ ಎಂಬ ಗುರುತಿನೊಳಗೇ ಬರೆದಿದ್ದಾರೆ. ಇದು ಸರಿಯಾದ ನಿರ್ಧಾರ. ಹೊರಗಿನ ಫೈಲಾದರೆ ಅದು ಬಂದು ತಲುಪುವವರೆಗೆ ಬ್ರೌಸರ್ ಪುಟವನ್ನು ತೋರಿಸದೆ ಕಾಯುತ್ತದೆ. ಸಿಗ್ನಲ್ ಬಂದು ಹೋಗುವ ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಫೋನು ಹಿಡಿದು ದಾರಿ ಹುಡುಕುವ ಅತಿಥಿಗೆ ಆ ಕಾಯುವಿಕೆ ಚೆನ್ನಾಗಿಯೇ ಅನುಭವಕ್ಕೆ ಬರುತ್ತದೆ. ಸರ್ವರ್ (ತಾಣವನ್ನು ಇಟ್ಟಿರುವ ಕಂಪ್ಯೂಟರ್) ಆಚೆಯಿಂದ ಉತ್ತರ ಬರುವ ಮೊದಲು, ಮೊದಲ ಸುತ್ತಿನಲ್ಲಿ ಕಳುಹಿಸುವುದು ಸಾಮಾನ್ಯವಾಗಿ ಸುಮಾರು 14 ಕಿಲೋಬೈಟ್ ಮಾತ್ರ. ಆ ಮಿತಿಯೊಳಗೆ ನಿಯಮಗಳನ್ನು ಹಿಡಿದಿಟ್ಟಿರುವುದು ಮೆಚ್ಚತಕ್ಕ ಶಿಸ್ತು. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಹೆಚ್ಚಿಸಿರುವುದು ನನಗೆ ವಿಶೇಷ ಸಂತೋಷ ತಂದಿತು.

ಆದರೆ ಕೊಠಡಿ, ದರ, ಊಟ, ಚಾರಣದ ಪುಟಗಳಿಗೂ ಅದೇ ನಿಯಮಗಳನ್ನು ಹಾಗೆಯೇ ನಕಲು ಮಾಡಿದ್ದಾರೆ. ಗುಂಡಿಯ ಹಸಿರು ಬಣ್ಣವನ್ನು ಬದಲಿಸಬೇಕೆಂದರೆ ಪ್ರತಿ ಪುಟವನ್ನೂ ತೆರೆದು ತಿದ್ದಬೇಕು. ಒಂದೇ ಫೈಲಿನಲ್ಲಿದ್ದಿದ್ದರೆ ಬ್ರೌಸರ್ ಅದನ್ನು ಒಮ್ಮೆ ಉಳಿಸಿಕೊಂಡು ಉಳಿದ ಪುಟಗಳಿಗೂ ಬಳಸುತ್ತಿತ್ತು; ಈಗ ಪುಟಪುಟಕ್ಕೂ ಅದೇ ಭಾರ ಮತ್ತೆ ಇಳಿಯುತ್ತಿದೆ. ದರಪಟ್ಟಿಯ ಪುಟದಲ್ಲಂತೂ ಅಗಲವನ್ನು ಪಟ್ಟಿ ರಚಿಸುವ ಟೇಬಲ್ ಟ್ಯಾಗಿನ ಸ್ಟೈಲ್ ಗುಣದಲ್ಲಿಯೇ (ಆ ಒಂದು ಟ್ಯಾಗಿನೊಳಗೇ ನಿಯಮ ಬರೆಯುವ ಜಾಗ) ಪಿಕ್ಸೆಲ್ ಲೆಕ್ಕದಲ್ಲಿ ಬರೆದುಬಿಟ್ಟಿದ್ದಾರೆ. ಹೀಗೆ ಬರೆದದ್ದು ಸ್ಟೈಲ್ ಟ್ಯಾಗಿನ ಸಾಮಾನ್ಯ ನಿಯಮಗಳನ್ನು ಮೀರಿ ನಿಲ್ಲುತ್ತದೆ, ಮತ್ತು ಪರದೆಯ ಗಾತ್ರಕ್ಕೆ ತಕ್ಕಂತೆ ಬದಲಾಗುವ ಮೀಡಿಯಾ ಕ್ವೆರಿಗೆ ಆ ಗುಣದೊಳಗೆ ಜಾಗವೇ ಇಲ್ಲ. ಪರಿಣಾಮವಾಗಿ ಮೊಬೈಲಿನಲ್ಲಿ ಪಟ್ಟಿ ಪರದೆಯಾಚೆಗೆ ಚಾಚಿ, ವಾರಾಂತ್ಯದ ದರವೇ ಕಾಣದಂತಾಯಿತು.

ಬುಕಿಂಗ್ ಖಚಿತಪಡಿಸುವ ಇಮೇಲಿನಲ್ಲಿ ಮಾತ್ರ ಹೀಗೆ ಆಯಾ ಟ್ಯಾಗಿನ ಸ್ಟೈಲ್ ಗುಣದಲ್ಲಿಯೇ ಬರೆಯುವುದು ಸೂಕ್ತ, ಏಕೆಂದರೆ ಕೆಲವು ಇಮೇಲ್ ತಂತ್ರಾಂಶಗಳು ಸ್ಟೈಲ್ ಟ್ಯಾಗನ್ನು ಕಿತ್ತುಹಾಕುತ್ತವೆ. ಅಲ್ಲಿ ಅವರ ಕೆಲಸ ಅಚ್ಚುಕಟ್ಟಾಗಿದೆ.

ವಿಷಯ ತಿಳಿಸಿದಾಗ ಸಂಸ್ಥೆಯವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಎಲ್ಲ ಪುಟಗಳಿಗೂ ಸೇರಿದ ನಿಯಮಗಳನ್ನು ಬೇರೆ ಫೈಲಿಗೆ ಸಾಗಿಸಿದರು. ಮೊದಲ ಪರದೆಗೆ ಬೇಕಾದಷ್ಟನ್ನು ಮಾತ್ರ ಹೆಡ್‌ನಲ್ಲಿ ಉಳಿಸಿದರು. ದರಪಟ್ಟಿಯೂ ಸರಿಹೋಯಿತು. ಇದಕ್ಕೆ ಹೆಚ್ಚುವರಿ ಶುಲ್ಕ ಕೇಳಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜಾಲತಾಣಗಳ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 1996ರ ಡಿಸೆಂಬರಿನಲ್ಲಿ ಹೊರತಂದ ಸಿಎಸ್‌ಎಸ್‌ನ ಮೊದಲ ಶಿಫಾರಸಿನಲ್ಲಿಯೇ ಹೊರಗಿನ ಫೈಲನ್ನು ಜೋಡಿಸುವ ವಿಧಾನವಿದೆ. ಹಲವು ಪುಟಗಳ ತಾಣಕ್ಕೆ ಅದು ಮೂಲ ಕೆಲಸದಲ್ಲಿಯೇ ಸೇರಿರಬೇಕು. ಒಂದೇ ಪುಟದ ತಾಣ ಬೇಕಾದವರು ಇವರಲ್ಲಿಗೆ ನಿಶ್ಚಿಂತೆಯಿಂದ ಹೋಗಬಹುದು. ಹೆಚ್ಚು ಪುಟ ಬೇಕಾದವರು ವಿನ್ಯಾಸದ ನಿಯಮಗಳು ಎಲ್ಲಿರಬೇಕು ಎಂಬುದನ್ನು ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.